ಕೆಂಚನ ಕಣ್ಣು

…ಪುಟ್ಟಮ್ಮ ಮೊದಲ ಸಲ ಬಂದದ್ದು ನಾಯಿಯ ಜೊತೆಗೋ, ನಾಯಿ ಇಲ್ಲದೆಯೋ? ಎರಡೂ ಈಗ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಅಂದಮೇಲೆ ಒಂದನ್ನಾದರೂ ನಾನು ಆಮೇಲೆ ಕಟ್ಟಿಕೊಂಡಿದ್ದೇನೆ. ಐವತ್ತಾರನೇ ಇಸವಿಯೋ ಐವತ್ತೇಳೋ ಇರಬೇಕು. ರಾಜಾಜಿನಗರದಲ್ಲಿ ಇನ್ನೂ ಸೈಟುಗಳಿಗೆ ಕಲ್ಲು ನೆಡುತ್ತಿದ್ದರು. ಅಲ್ಲೊಂದು ಬಾಡಿಗೆ ಕೋಣೆಯಲ್ಲಿ ನಾನು ಚಾರ್ಕೋಲಿನಲ್ಲಿ ಭಾವಚಿತ್ರ ಬರೆಯುತ್ತಿದ್ದೆ. ಹೆಚ್ಚಾಗಿ ಮನುಷ್ಯರದು, ಆಗೊಮ್ಮೆ ಈಗೊಮ್ಮೆ ಸಾಕುಪ್ರಾಣಿಗಳದು.

ಪುಟ್ಟಮ್ಮ ಕಾಮಾಕ್ಷಿಪಾಳ್ಯದ ಕಡೆಯ ರಾಗಿಹೊಲದ ಮನೆಯವರು, ಐವತ್ತು ದಾಟಿದ ವಿಧವೆ. ಅವರ ನಾಯಿ ಕೆಂಚನಿಗೆ ವಯಸ್ಸಾಗಿತ್ತು. ಇರುವಾಗಲೇ ಒಂದು ಪಟ ಬೇಕೆಂದರು. ಜೊತೆಗೆ ಬಂದಿದ್ದ ತಮ್ಮ ಸಿದ್ದಪ್ಪ ನಕ್ಕ.

“ನಮ್ಮ ಭಾವ ಹೋದಾಗ ಒಂದು ಫೋಟೋ ಇರ್ಲಿಲ್ಲ ಸಾಮಿ. ನಾಯಿಗೆ ನೋಡಿ ಯೋಗ!”

“ಸುಮ್ನಿರೋ. ಅವತ್ತು ತೆಗೆಸ್ಲಿಲ್ಲ ಅಂತಾನೇ ಇವತ್ತು ಬಂದಿರೋದು,” ಎಂದರು ಪುಟ್ಟಮ್ಮ.

ಮೂರು ಬೆಳಗು ಕೆಂಚ ನನ್ನೆದುರು ಮಲಗಿದ್ದ. ಚಾರ್ಕೋಲ್ ಎಂದರೆ ಇದ್ದಿಲು. ಬೆರಳು ಸೋಕಿದರೂ ಅಳಿಸುತ್ತದೆ. ಅದು ಕಾಗದಕ್ಕೆ ಕಚ್ಚಿಕೊಳ್ಳಲೆಂದು ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ, ಕೊಳವೆಯಿಂದ ಊದಿ ಸಿಂಪಡಿಸುತ್ತೇವೆ. ಇದೇ ಫಿಕ್ಸೆಟಿವ್. ಆದರೆ ಅದು ಬಿದ್ದ ಕಡೆ ಹೊಳಪು ಮಂಕಾಗುತ್ತದೆ. ಅದಕ್ಕೇ ನಾನು ಕಣ್ಣುಗಳ ಮೇಲೆ ಕಾಗದದ ಚೂರು ಮುಚ್ಚಿ, ಉಳಿದ ಭಾಗಕ್ಕಷ್ಟೇ ಊದುತ್ತಿದ್ದೆ. ಮೇಲೆ ಗಾಜು ಇರುತ್ತದಲ್ಲ ಎಂಬ ಧೈರ್ಯ. ಇದನ್ನು ನನ್ನ ಜಾಣತನ ಎಂದುಕೊಂಡಿದ್ದೆ, ಗಿರಾಕಿಗಳಿಗೆ ಹೇಳುತ್ತಿರಲಿಲ್ಲ.

ಕೆಲವು ತಿಂಗಳ ಮೇಲೆ ಅಕ್ಕ ತಮ್ಮ ಇಬ್ಬರೂ ಚಿತ್ರ ಹಿಡಿದುಕೊಂಡು ಬಂದರು. ಕೆಂಚ ಸತ್ತಿದ್ದ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಪುಟ್ಟಮ್ಮ ಅವನ ಪಟವನ್ನೂ ಇಟ್ಟು, ಹಣೆಗೆ ವಿಭೂತಿ ಹಚ್ಚಲು ಗಾಜು ಬಿಚ್ಚಿಸಿದ್ದರು.

“ಗಾಜಿನ ಮೇಲಿಟ್ರೆ ಅವನಿಗೆ ಮುಟ್ಟತ್ತಾ ಸಾಮಿ?”

ವಿಭೂತಿ ಕಣ್ಣಿಗೆ ಉದುರಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾರೆ. ಹಣೆ, ಕಿವಿ, ಮೂತಿ ಹಾಗೇ ಇದ್ದವು. ಕಣ್ಣಿದ್ದ ಕಡೆ ಎರಡು ಬೂದು ಕಲೆ.

“ಮತ್ತೆ ಬರ್ದುಬಿಡಿ. ನೀವು ನೋಡಿದೀರಲ್ಲ.”

ನೋಡಿದ್ದೆ. ನನ್ನ ಟಿಪ್ಪಣಿಯಲ್ಲಿ ಕಣ್ಣುಗಳ ನಡುವಿನ ಅಳತೆ ಇತ್ತು, ನೋಟ ಇರಲಿಲ್ಲ. ಬೀದಿನಾಯಿಯೊಂದನ್ನು ಬನ್ನು ಹಾಕಿ ಕೂರಿಸಿಕೊಂಡು, ಅದರ ಕಣ್ಣು ನೋಡಿ ಅದೇ ಪಟದಲ್ಲಿ ಬರೆದೆ. ಪುಟ್ಟಮ್ಮ ಬಹಳ ಹೊತ್ತು ನೋಡಿ, “ಇದು ಯಾರ ಮನೇದು?” ಎಂದರು. ಅಳಿಸಿ ಮತ್ತೆ ಬರೆದೆ. “ಉಣ್ಣೋವಾಗ ನೋಡ್ತಿದ್ದನಲ್ಲ, ಹಂಗೆ,” ಎಂದು ಹೇಳಿಕೊಟ್ಟರು. ಅದು ಯಾವ ಗೆರೆಯೆಂದು ನನ್ನ ಕೈಗೆ ತಿಳಿಯಲಿಲ್ಲ. ಮೂರನೆಯ ಸಲ ಬರೆಯುವಷ್ಟರಲ್ಲಿ, ಅಳಿಸಿ ಅಳಿಸಿ ಕಾಗದದ ಎಳೆ ಎದ್ದಿತ್ತು.

ಸಿದ್ದಪ್ಪ ಈ ಸಲ ನಗಲಿಲ್ಲ. “ಬಿಡಕ್ಕ. ಅವರಾದ್ರೂ ಏನ್ ಮಾಡ್ತಾರೆ.”

“ಇದ್ನೂ ಅಳಿಸ್ಬಿಡಿ ಸಾಮಿ,” ಎಂದರು ಪುಟ್ಟಮ್ಮ. “ಬೇರೆದರ ಕಣ್ಣು ಬ್ಯಾಡ.”

ಅಳಿಸಿದೆ. ಹಾಗೇ ತೆಗೆದುಕೊಂಡು ಹೋದರು.

ಅಂದಿನಿಂದ ಕಣ್ಣಿಗೂ ಫಿಕ್ಸೆಟಿವ್ ಊದತೊಡಗಿದೆ, ಮಂಕಾದರೆ ಆಗಲಿ ಎಂದು. ಗಾಜು ಬಿಚ್ಚಬೇಡಿ ಎಂದು ಪ್ರತಿಯೊಬ್ಬರಿಗೂ ಹೇಳಿದೆ. ಕೆಲಸ ಕಲಿಸಿದ್ದು ಇಷ್ಟು. ವಿಚಾರಿಸಿಕೊಂಡು ಬರೋಣವೆಂದು ಎರಡು ಸಲ ಕಾಮಾಕ್ಷಿಪಾಳ್ಯದ ಕಡೆ ಹೊರಟು, ಅರ್ಧ ದಾರಿಯಿಂದ ಹಿಂದಿರುಗಿದೆ. ಕಣ್ಣಿಲ್ಲದ ಆ ಪಟವನ್ನು ಪುಟ್ಟಮ್ಮ ಗೋಡೆಗೆ ಹಾಕಿದರೋ ಇಲ್ಲವೋ ನನಗೆ ಗೊತ್ತಿಲ್ಲ.