ಗುಡ್ಡದ ಅಳತೆ

ಹಾಲನ್ನು ಒಲೆಯ ಮೇಲಿಡುವ ಮುಂಚೆ ಟೈಲರಮ್ಮ ಮಹಡಿಗೆ ಹೋಗಿ ಊರಾಚೆಯ ಗುಡ್ಡವನ್ನು ನೋಡಿ ಬರಬೇಕು. ಮೈಯಲ್ಲಿ ಜ್ವರವಿದ್ದರೂ ಅಷ್ಟೇ, ಮನೆ ತುಂಬ ನೆಂಟರಿದ್ದರೂ ಅಷ್ಟೇ.

ಹೊತ್ತು ಮೂಡಿದ ಹೊಸದರಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ. ಆಗ ಇಳಿಜಾರಿನಲ್ಲಿರುವ ಗೇಣೆತ್ತರದ ಏರುಗಳೂ ನೆರಳು ಚೆಲ್ಲುತ್ತವೆ. ಮಡಿಸಿಟ್ಟ ಬಟ್ಟೆಯನ್ನು ಬಿಡಿಸಿದ ಮೇಲೂ ಉಳಿಯುವ ಗೆರೆಗಳ ಹಾಗೆ, ಗುಡ್ಡದ ಮೈಮೇಲೆ ಅಡ್ಡಡ್ಡ ಪಟ್ಟೆಗಳು ಕಾಣುತ್ತವೆ. ಬಿಸಿಲು ನೆತ್ತಿಗೇರಿತೋ, ಎಲ್ಲ ಮಾಯ. ದೇವರು ತೋರಿಸಬೇಕಾದ್ದನ್ನು ದಿನವೂ ತೋರಿಸುತ್ತಾನೆ, ನೋಡಲು ಬೇಗ ಏಳಬೇಕು, ಅಷ್ಟೇ.

"ಏನೇ, ಗುಡ್ಡ ಅಲ್ಲೇ ಇದೆಯಾ? ರಾತ್ರಿ ಎದ್ದು ಎಲ್ಲಾದರೂ ಹೋಗಿಬಿಟ್ಟಿತೇನೋ ಅಂದ್ಕೊಂಡೆ," ಎಂದು ಗಂಡ ಹಾಸಿಗೆಯಿಂದಲೇ ಕೂಗುವುದೂ ದಿನದ ಪಾಠವೇ.

ಟೈಲರಮ್ಮನಿಗೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ. ಮೆಷಿನ್ನಿನ ಮಗ್ಗುಲಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಅಂಚೆಯ ಮೂಲಕ ಪದವಿ ಮುಗಿಸಿದವಳು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾದ ಮೇಲೆ ವಿಶ್ವವಿದ್ಯಾಲಯ ಸೇರಿ ಸ್ನಾತಕೋತ್ತರ ಓದಿಗೆ ಕೂತಳು. ವಿಷಯ ಭೂದೃಶ್ಯ ಪುರಾತತ್ವ. ಅಗೆಯುವ ಗೋಜಿಗೆ ಹೋಗದೆ, ನೆಲದ ಏರಿಳಿತ, ಹಳೆಯ ದಾರಿ, ಬದು, ಮೇಲೆ ಬಿದ್ದಿರುವ ಮಡಕೆ ಚೂರು ಇವುಗಳಿಂದಲೇ ಹಿಂದಿನವರು ಹೇಗೆ ಬಾಳಿದರು ಎಂದು ಓದುವ ವಿದ್ಯೆ ಅದು. ಮಕ್ಕಳ ವಯಸ್ಸಿನ ಸಹಪಾಠಿಗಳು ಅವಳನ್ನು ಅಕ್ಕ ಎಂದು ಕರೆದು, ಹರಿದ ಬ್ಯಾಗುಗಳನ್ನೆಲ್ಲ ಅವಳ ತಲೆಗೇ ಕಟ್ಟಿದರು.

ಅಷ್ಟು ದಿನ ಅಂಗಡಿ ನೋಡಿಕೊಂಡವಳು ತಂಗಿ. "ನಿನ್ನ ಓದು ಮುಗಿಯೋವರೆಗೂ ಇರ್ತೀನಿ. ಅದು ಮುಗಿದ ಬೇಸಿಗೆಗೆ ನನ್ನನ್ನ ಬಿಟ್ಟುಬಿಡಬೇಕು," ಎಂದು ಮೊದಲೇ ಕರಾರು ಮಾಡಿದ್ದಳು. ಊರಿನ ಆ ತುದಿಯಲ್ಲಿ ತನ್ನದೇ ಅಂಗಡಿ ತೆರೆಯಲು ಅವಳು ಜಾಗ ಗೊತ್ತು ಮಾಡಿಕೊಂಡು, ಬೋರ್ಡನ್ನೂ ಬರೆಸಿಟ್ಟಿದ್ದಳು. ಅವಳಿಗೆ ಅಕ್ಕನ ಮೇಲೆ ಒಂದೇ ಸಿಟ್ಟು: ತಂಗಿ ತೆಗೆದ ಅಳತೆಯ ಮೇಲೆ ಅಕ್ಕ ಒಂದು ರವಿಕೆಯನ್ನೂ ಕತ್ತರಿಸಿದವಳಲ್ಲ. ಗಿರಾಕಿಯನ್ನು ಮತ್ತೆ ನಿಲ್ಲಿಸಿ, ತಾನೇ ಟೇಪು ಹಿಡಿಯಬೇಕು.

ಆ ಗುಡ್ಡವೇ ಟೈಲರಮ್ಮನ ಪ್ರಬಂಧ. ನೆಲದ ಮೇಲೆ ಹಗ್ಗ ಎಳೆದು ಕಟ್ಟಿ ಸಾಲುಸಾಲಾಗಿ ನಡೆದು ಮಡಕೆ ಚೂರು ಹೆಕ್ಕಿದ್ದಳು. ಒಂದು ತಗ್ಗಿನಲ್ಲಿ ಮಾತ್ರ ಕಾಲಿಟ್ಟಲ್ಲೆಲ್ಲ ಚೂರು. ಇಲ್ಲೊಂದು ಊರಿತ್ತು ಎಂದು ಬರೆದಳು. ಪ್ರಬಂಧದ ಬೆನ್ನೆಲುಬೇ ಆ ಮಾತು. ಒಪ್ಪಿಸುವ ದಿನ ಹತ್ತಿರ ಬಂದಿತ್ತು.

ಕೊನೆಯ ಚೀಲದ ಚೂರುಗಳನ್ನು ತೊಳೆಯಲು ಹಿತ್ತಲಲ್ಲಿ ಕೂತಾಗ ತಂಗಿಯೂ ಬಂದು ಕೈ ಹಾಕಿದಳು.

"ಮನೆ ಪಾತ್ರೆ ತೊಳಿ ಅಂದ್ರೆ ಮುಖ ಸೊಟ್ಟಗೆ ಮಾಡ್ತಿದ್ದವಳು ನೀನು. ಈಗ ನೋಡು, ಯಾವ ಕಾಲದಲ್ಲೋ ಸತ್ತವರ ಮನೆ ಪಾತ್ರೆ ಉಜ್ಜುತಾ ಕೂತಿದ್ದೀಯ!"

"ಅವರಿಗೆ ಅವಸರ ಇಲ್ಲ ಕಣೇ. ನೀನು ಮೆತ್ತಗೆ ಉಜ್ಜು."

"ಅಕ್ಕಾ, ಇದರ ಒಳಗೆ ಏನೋ ಬಿಳಿ ಅಂಟಿದೆ. ಹೋಗ್ತಾನೇ ಇಲ್ಲ."

ಸುಣ್ಣವಿರಬೇಕು ಎಂದುಕೊಂಡು ಟೈಲರಮ್ಮ ಚೂರನ್ನು ಬೆಳಕಿಗೆ ಹಿಡಿದಳು. ಬಿಳಿ ಬಣ್ಣದ ಮೇಲೆ ಕಪ್ಪು ಶಾಯಿಯ ಪುಟ್ಟ ಅಂಕಿ. ಅದರ ಮೇಲೆ ಉಗುರು ಬಣ್ಣದಂಥ ತೆಳು ಲೇಪ. ಆ ಅಂಕಿ ಅವಳು ಬರೆದದ್ದಲ್ಲ. ಅವಳೂ ತಾನು ಹೆಕ್ಕಿದ ಪ್ರತಿ ಚೀಲದಲ್ಲಿ ಒಂದೆರಡು ಚೂರಿಗೆ ಹೀಗೇ ಬರೆದು, ಹೀಗೇ ಲೇಪ ಹಚ್ಚುತ್ತಾಳೆ. ವಿಭಾಗದಲ್ಲಿ ಎಲ್ಲರಿಗೂ ಮೊದಲ ವಾರವೇ ಕಲಿಸುವ ಪಾಠ ಅದು.

ಮರುದಿನ ಪ್ರಬಂಧದ ಗೈಡ್ ಮೇಡಂ ಆ ಚೂರನ್ನು ನೋಡಿ ಮೊದಲು ನಕ್ಕೇಬಿಟ್ಟರು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ವಿಭಾಗದ ಹಳೆ ಕಟ್ಟಡ ಖಾಲಿ ಮಾಡಿದಾಗ ಓದಿ ಮುಗಿದ ಚೂರಿನ ಮೂಟೆಗಳನ್ನ ಎಲ್ಲೋ ಸುರಿದು ಬಂದರು ಅಂತ ಕೇಳಿದ್ದೆ. ನಿಮ್ಮ ಗುಡ್ಡಕ್ಕೇ ಸುರಿದಿದ್ದಾರೆ."

"ಅಂದ್ರೆ ನನ್ನ ಊರಲ್ಲಿ ಇದ್ದವರು ನಮ್ಮ ವಿಭಾಗದವರೇ ಅನ್ನಿ."

"ನಗಬೇಡಿ. ಈ ಸಲ ಒಪ್ಪಿಸದಿದ್ರೆ ಇನ್ನೊಂದು ವರ್ಷ ಹೋಗುತ್ತೆ." ಮೇಡಂ ಕಪಾಟಿನಿಂದ ಒಂದು ದಪ್ಪ ಕಡತ ತೆಗೆದರು. "ಇದು ಆಚೆ ಕಣಿವೆಯ ಸಮೀಕ್ಷೆ. ನಾನೇ ಮಾಡಿದ್ದು, ಬರೆಯೋಕೆ ನನಗೆ ಪುರುಸೊತ್ತೇ ಸಿಗಲಿಲ್ಲ. ನಕ್ಷೆ, ಲೆಕ್ಕ ಎಲ್ಲ ಸಿದ್ಧ ಇದೆ. ನಿಮ್ಮ ಹೆಸರಿನಲ್ಲೇ ಬರೆದುಬಿಡಿ. ನಾಳೆ ಹೇಳಿದ್ರೂ ಸಾಕು."

ಮೇಡಂ ಒಳ್ಳೆಯವರು, ಕೊಟ್ಟದ್ದು ಮನಸ್ಸಿನಿಂದ. ಅದೇ ಟೈಲರಮ್ಮನಿಗೆ ಹೆಚ್ಚು ಭಾರವಾಯಿತು. ಸೀದಾ ಅಂಗಡಿಗೆ ಹೋದಳು. ತಂಗಿ ಹೊಲಿಗೆ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು.

"ಆ ಕಡತ ತಗೊಂಡ್ರೆ ನಿನಗೆ ಈ ಬೇಸಿಗೆಗೇ ಬಿಡುಗಡೆ," ಎಂದಳು ಟೈಲರಮ್ಮ.

"ನಿನಗೆ?"

ಟೈಲರಮ್ಮ ಕತ್ತರಿಯನ್ನು ಎತ್ತಿದಳು, ಇಟ್ಟಳು.

ತಂಗಿ ದಾರ ಕಚ್ಚಿ ತುಂಡು ಮಾಡಿದಳು. "ನಾನು ತೆಗೆದ ಅಳತೆನೇ ಮುಟ್ಟದವಳು ಇನ್ನೊಬ್ಬರ ಕಣಿವೆ ಮುಟ್ತೀಯಾ? ನನ್ನ ಹತ್ರ ನಾಟಕ ಬೇಡ. ಆ ಬೋರ್ಡಿನ ಬಣ್ಣ ಇನ್ನೂ ಸರಿಯಾಗಿ ಒಣಗಿಲ್ಲ, ಇನ್ನೊಂದು ವರ್ಷ ಒಣಗಲಿ ಬಿಡು. ಆದರೆ ಒಂದು ಮಾತು. ಇನ್ನು ಮೇಲೆ ನಾನು ತೆಗೆದ ಅಳತೆ ಮೇಲೆ ನೀನು ಕತ್ತರಿ ಆಡಿಸಬೇಕು."

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳೇ."

"ಗೊತ್ತಿತ್ತು!" ಎಂದು ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಬಾಗಿಲ ಕಡೆ ತಿರುಗಿ ಒಮ್ಮೆ ಮೂಗು ಒರೆಸಿಕೊಂಡದ್ದನ್ನು ಟೈಲರಮ್ಮ ನೋಡಿಯೂ ನೋಡದ ಹಾಗಿದ್ದಳು.

ಬೆಳಿಗ್ಗೆ ಮಹಡಿಯ ಮೇಲೆ ಕೈ ಮುಗಿದು ನಿಂತಳು. ಚೂರು ಸುರಿದ ತಗ್ಗು ಇಲ್ಲಿಂದ ಕಾಣುವುದೇ ಇಲ್ಲ. ಕಂಡದ್ದು ಪಟ್ಟೆಗಳು, ಎಂದಿನ ಹಾಗೆ, ಒಂದರ ಕೆಳಗೊಂದು. ಅವುಗಳನ್ನು ಯಾರೂ ಲಾರಿಯಲ್ಲಿ ತಂದು ಸುರಿದಿರಲಾರರು. ಯಾರೋ ಬೇಸಾಯಕ್ಕೆಂದು ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ತಿದ್ದಿರಬಹುದು. ಇಲ್ಲದೆಯೂ ಇರಬಹುದು. ದಿನವೂ ನೋಡುತ್ತಿದ್ದವಳು ಚೂರಿನ ಸಡಗರದಲ್ಲಿ ಅವನ್ನು ಅಳೆಯಲು ಮರೆತೇಬಿಟ್ಟಿದ್ದಳು.

ವಿಭಾಗದಲ್ಲಿ ಮೇಡಂ ಕಡತಕ್ಕೆ ದಾರ ಕಟ್ಟಿ ಸಿದ್ಧವಾಗಿ ಇಟ್ಟಿದ್ದರು. ಟೈಲರಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕಪಾಟಿನ ಖಾಲಿ ಜಾಗ ಹುಡುಕಿ, ಅಲ್ಲೇ ಇಟ್ಟಳು.

"ಬೇಡ ಮೇಡಂ. ನೀವು ಕೊಟ್ಟಿದ್ದು ದೊಡ್ಡದು, ಮರೆಯಲ್ಲ. ಆದರೆ ಆ ಕಣಿವೆಯಲ್ಲಿ ನಾನು ನಡೆದಿಲ್ಲ."

"ಮತ್ತೆ ಏನು ಮಾಡ್ತೀರಿ?"

"ಟೇಪು ತಂದಿದ್ದೀನಿ," ಎಂದಳು ಟೈಲರಮ್ಮ. "ಬಿಸಿಲು ನೆತ್ತಿಗೇರೋದರೊಳಗೆ ಗುಡ್ಡ ಹತ್ತಬೇಕು."