ತೆಗೆಯದೆ ಬಿಟ್ಟ ಒಂಟೆ

ಗ್ರಾಂಟ್ ರೋಡಿನ ನಮ್ಮ ಕನ್ನಡಿಗರ ಸಂಘದ ನಡಾವಳಿ ಪುಸ್ತಕದಲ್ಲಿ ಆ ವರ್ಷದ ಚದುರಂಗ ಪ್ರಶಸ್ತಿಯ ಬಗ್ಗೆ ಒಂದೇ ವಾಕ್ಯವಿದೆ: ‘ಸ್ಪರ್ಧಿಯು ನಿಯಮಗಳನ್ನು ಅರಿಯದಿದ್ದುದರಿಂದ ಮೂರನೆಯ ಆಟವು ಸಮವಾಗಿ, ಪ್ರಶಸ್ತಿಯು ಹಿಂದಿನ ವಿಜೇತರಲ್ಲಿಯೇ ಉಳಿಯಿತು.’ ಈ ವಾಕ್ಯ ಬರೆದವರು ಆಟ ನಡೆದಾಗ ಕಿಟಕಿಯ ಬಳಿ ನಿಂತು ಟ್ರಾಮುಗಳನ್ನು ನೋಡುತ್ತಿದ್ದರು. ನಾನು ಹಲಗೆಯ ಪಕ್ಕದಲ್ಲೇ ಕುಳಿತು ಪ್ರತಿಯೊಂದು ನಡೆಯನ್ನೂ ಬರೆದುಕೊಳ್ಳುತ್ತಿದ್ದೆ. ಆದ್ದರಿಂದ ಅಂದು ಅರಿಯದಿದ್ದವರು ಯಾರು ಎಂಬುದನ್ನು ನಾನೇ ಹೇಳಬೇಕಾಗಿದೆ.

ಸಂಘದ ಹಾಲ್ ಹಳೆಯ ಬಿಲ್ಡಿಂಗೊಂದರ ಎರಡನೆಯ ಮಾಳಿಗೆಯಲ್ಲಿತ್ತು, ಅದರ ಕೆಳಗೆ ಉಡುಪಿ ಹೋಟೆಲು. ಸದಸ್ಯರಲ್ಲಿ ಹೆಚ್ಚಿನವರು ಬ್ಯಾಂಕು, ವಿಮೆ, ರೈಲ್ವೆ ಕಚೇರಿಗಳವರು, ನನ್ನಂಥ ವಿದ್ಯಾರ್ಥಿಗಳು ಒಬ್ಬಿಬ್ಬರು. ಹೋಟೆಲಿನಿಂದ ಮೇಲಕ್ಕೆ ಬರುತ್ತಿದ್ದುದು ಕಾಫಿ, ಅದನ್ನು ಹೊತ್ತು ತರುತ್ತಿದ್ದವರು ಕಾಫಿ ಕೌಂಟರಿನ ಭಟ್ಟರು. ಹನ್ನೊಂದು ವರ್ಷಗಳಿಂದ ಅವರು ಆ ಹಾಲಿನ ಬಾಗಿಲವರೆಗೆ ಬಂದಿದ್ದರು. ಒಳಗಿನ ಒಂದು ಕುರ್ಚಿಯಲ್ಲೂ ಕುಳಿತಿರಲಿಲ್ಲ. ಹೋಟೆಲು ಕೆಲಸಗಾರರು ಸದಸ್ಯರಾಗಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಅರ್ಜಿಗೆ ಇಬ್ಬರು ಸದಸ್ಯರ ಸಹಿ ಬೇಕಿತ್ತು, ಆ ಸಹಿಯನ್ನು ಯಾರೂ ಹಾಕಿರಲಿಲ್ಲ, ಅಷ್ಟೆ. ಆದರೆ ಸಂಘವನ್ನು ಕಟ್ಟಿದ ಹಿರಿಯರು ಉತ್ಸಾಹದ ಗಳಿಗೆಯೊಂದರಲ್ಲಿ ಇನ್ನೊಂದು ನಿಯಮ ಮಾಡಿಟ್ಟಿದ್ದರು: ಚದುರಂಗ ಪ್ರಶಸ್ತಿ ಗೆದ್ದ ಕನ್ನಡಿಗ ಯಾರೇ ಆಗಿರಲಿ, ಅರ್ಜಿಯಿಲ್ಲದೆ ಆಜೀವ ಸದಸ್ಯನಾಗುತ್ತಾನೆ. ಆ ‘ಯಾರೇ’ ಎಂಬ ಮಾತು ಒಂದು ದಿನ ಮೆಟ್ಟಿಲು ಹತ್ತಿ ಬಂದೀತೆಂದು ಅವರು ಎಣಿಸಿರಲಿಕ್ಕಿಲ್ಲ.

ಭಟ್ಟರಿಗೆ ಆಗ ನಲವತ್ತೈದರ ಆಸುಪಾಸು. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಹೋಟೆಲಿನ ಮುಂಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಆ ಒಂದು ಗಂಟೆ ಅಕ್ಕಿ ಪೆಟ್ಟಿಗೆಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಎಳೆದು ಅವರು ಆಡುತ್ತಿದ್ದರು. ನಾನು ಚೆಂಬೂರಿನಿಂದ ಲೋಕಲ್ ಹಿಡಿದು ಯೂನಿವರ್ಸಿಟಿಗೆ ಬರುತ್ತಿದ್ದ ಎಂ.ಎ. ವಿದ್ಯಾರ್ಥಿ, ಕಾಲೇಜಿನ ತಂಡದಲ್ಲಿ ಚೆಸ್ ಆಡಿದವನು. ಮೊದಲ ವಾರದಲ್ಲೇ ಅವರು ನನ್ನನ್ನು ಐದು ಬಾರಿ ಸೋಲಿಸಿದರು. ನಾನು ಸೋತದ್ದು ಅವರ ಊರಿನ ನಿಯಮಗಳಿಂದಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಅವರ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಸರಿಯುತ್ತಿತ್ತು, ರಾಜ ಒಮ್ಮೆ ಕುದುರೆಯಂತೆ ಹಾರಬಹುದಿತ್ತು, ಕೊನೆಯ ಸಾಲು ಮುಟ್ಟಿದ ಕಾಲಾಳು ಆ ಮನೆಗೆ ಸೇರಿದ ಕಾಯಿಯೇ ಆಗುತ್ತಿತ್ತು. ಇವೆಲ್ಲ ಹಳ್ಳಿಯ ಹಳೆಯ ಪದ್ಧತಿಗಳೆಂದು ತಿಳಿದು ನಾನು ಅವನ್ನು ಪೂರ್ತಿಯಾಗಿ ಕೇಳಿ ತಿಳಿದುಕೊಳ್ಳುವ ಗೋಜಿಗೆ ಹೋಗಲಿಲ್ಲ. ಆ ಅಸಡ್ಡೆಯ ಬೆಲೆ ತೆತ್ತವನು ನಾನಲ್ಲ.

ಆ ವರ್ಷ ಸಂಘದ ಸಮಿತಿ ಪ್ರಶಸ್ತಿಯ ಆಟವನ್ನು ಅಂತರರಾಷ್ಟ್ರೀಯ ನಿಯಮಗಳಿಗೆ ಬದಲಾಯಿಸಿತು. ನಿರ್ಧಾರ ಸರಿಯಾದದ್ದೇ, ನಗರದ ಬೇರೆ ಕ್ಲಬ್ಬುಗಳೆಲ್ಲ ಹಾಗೆಯೇ ಆಡುತ್ತಿದ್ದವು. ಆದರೆ ಕನ್ನಡಿಗರ ಸಂಘ ಕನ್ನಡಿಗರ ಸ್ಪರ್ಧೆಗೆ ಕೊಟ್ಟ ನಿಯಮ ಪುಸ್ತಕ ಇಂಗ್ಲಿಷಿನಲ್ಲಿತ್ತು, ಅದೂ ಸ್ಪರ್ಧೆಗೆ ಎಂಟು ದಿನ ಮುಂಚೆ ಬಂತು. ಭಟ್ಟರು ಹೆಸರು ಕೊಟ್ಟಿದ್ದರು. ನಾನು ಕಾರ್ಯದರ್ಶಿಗಳ ಬಳಿ ಹೋಗಿ ಇದನ್ನು ಕನ್ನಡದಲ್ಲಿ ಅಚ್ಚು ಹಾಕಿಸಬೇಕೆಂದು ಕೇಳಿದೆ. ಧಾರವಾಡದ ಕಡೆಯ ಅವರು ಕನ್ನಡಕದ ಮೇಲಿಂದ ನೋಡಿ, “ಎಂ.ಎ. ಓದಾಕತ್ತೀರಿ, ನೀವೇ ಹೇಳ್ರಿ ಅವರಿಗೆ. ಅಚ್ಚಿಗೆ ಯಾಕ ಹಾಕಬೇಕು?” ಎಂದರು. ನಾನು ಒಪ್ಪಿದೆ. ಅದರಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ನಾಲ್ಕು ಮಧ್ಯಾಹ್ನ ಅಕ್ಕಿ ಪೆಟ್ಟಿಗೆಯ ಎದುರು ಕುಳಿತು ಪುಸ್ತಕವನ್ನು ಸಾಲುಸಾಲಾಗಿ ಕನ್ನಡಿಸಿದೆ. ದೋಸೆ ಹೊಯ್ಯುವವನು ಹಿಂದೆ ನಿಂತು, “ಭಟ್ರೇ, ಇಂಗ್ಲಿಷ್ ಕುದುರೆಗೂ ಹುಲ್ಲೇ ಹಾಕೂದಾ, ಅಲ್ಲ ಬ್ರೆಡ್ಡು ಬೇಕಾ?” ಎಂದು ಕೆಣಕುತ್ತಿದ್ದ. ಭಟ್ಟರು ನಗದೆ ಎಲ್ಲವನ್ನೂ ಕೈಬೆರಳಲ್ಲಿ ಎಣಿಸಿಕೊಂಡರು. ಕಾಲಾಳು ಮೊದಲು ಎರಡು ಮನೆ ಹೋಗಬಹುದು. ರಾಜನ ಹಾರಾಟವಿಲ್ಲ, ಬದಲಿಗೆ ಆನೆಯೊಡನೆ ಕೋಟೆ ಕಟ್ಟಬಹುದು. ಕೊನೆಯ ಸಾಲಿನ ಕಾಲಾಳು ಬೇಕಾದ ಕಾಯಿ ಆಗಬಹುದು. ಐವತ್ತು ನಡೆ ಯಾವ ಕಾಯಿಯನ್ನೂ ಹೊಡೆಯದೆ, ಕಾಲಾಳನ್ನೂ ಸರಿಸದೆ ಕಳೆದರೆ ಆಟ ಸಮ.

“ಇಷ್ಟೇಯಾ?” ಎಂದು ಕೊನೆಯ ದಿನ ಕೇಳಿದರು.

“ಇಷ್ಟೇ.”

“ಮತ್ತೆಲ್ಲ ನಮ್ಮ ಹಾಗೇ ಉಂಟಾ?”

ನಾನು ಪುಸ್ತಕ ಮುಚ್ಚಿ, “ಮತ್ತೆಲ್ಲ ನಿಮ್ಮ ಹಾಗೆಯೇ” ಎಂದೆ.

ಪುಸ್ತಕದಲ್ಲಿದ್ದ ಒಂದು ಸಾಲನ್ನೂ ನಾನು ಬಿಟ್ಟಿರಲಿಲ್ಲ. ಇದನ್ನು ನಾನು ಮುಂದೆ ಹಲವು ಸಲ ನನ್ನ ಸಮರ್ಥನೆಗಾಗಿ ಹೇಳಿಕೊಂಡಿದ್ದೇನೆ.

ಹೊಸ ನಿಯಮಗಳಲ್ಲಿ ಭಟ್ಟರು ಮೂವರು ಸದಸ್ಯರನ್ನು ಸೋಲಿಸಿ ಹಿಂದಿನ ವಿಜೇತರಿಗೆ ಎದುರಾದರು. ಅವರು ಮಲಾಡಿನಲ್ಲಿ ನೆಲೆಸಿದ್ದ, ಬೆಂಗಳೂರು ಕಡೆಯ, ವಿಮಾ ಕಂಪನಿಯೊಂದರ ಹಿರಿಯ ಅಧಿಕಾರಿ. ಮಿತಭಾಷಿ, ಮೂರು ವರ್ಷಗಳಿಂದ ಪ್ರಶಸ್ತಿ ಅವರದೇ. ಮೂರು ಭಾನುವಾರ, ಮೂರು ಆಟ; ಒಟ್ಟು ಅಂಕ ಸಮವಾದರೆ ಪ್ರಶಸ್ತಿ ಹಳೆಯ ವಿಜೇತರಲ್ಲೇ ಉಳಿಯಬೇಕು. ಮೊದಲ ಆಟ ಅಧಿಕಾರಿಗಳದಾಯಿತು, ಎರಡನೆಯದು ಭಟ್ಟರದು. ಎರಡನೆಯ ಆಟದ ನಂತರ ಕಾರ್ಯದರ್ಶಿಗಳು ಹಿರಿಯರ ಆ ನಿಯಮವನ್ನು ಮತ್ತೊಮ್ಮೆ ತೆಗೆದು ಓದಿದರೆಂದು ಕೇಳಿದೆ.

ಮೂರನೆಯ ಭಾನುವಾರ ಹೋಟೆಲು ಕೆಲಸಗಾರರು ಎಂಟು ಹತ್ತು ಮಂದಿ ಬಾಗಿಲಲ್ಲಿ ನಿಂತಿದ್ದರು. ಆಟ ಎರಡೂವರೆ ಗಂಟೆ ನಡೆದು ಕಾಯಿಗಳು ಒಂದೊಂದಾಗಿ ಹಲಗೆಯಿಂದ ಇಳಿದು ಹೋದವು. ಕೊನೆಗೆ ಭಟ್ಟರ ಬಳಿ ರಾಜ ಮತ್ತು ಒಂದು ಆನೆ ಉಳಿದವು, ಅಧಿಕಾರಿಗಳ ಬಳಿ ರಾಜ ಮತ್ತು ಒಂದು ಒಂಟೆ. ಅಷ್ಟರಿಂದ ಗೆಲ್ಲುವುದು ಕಷ್ಟ. ಒಂಟೆ ತನ್ನ ರಾಜನನ್ನು ಕಾಯುತ್ತಲೇ ಇರುತ್ತದೆ. ಆಗ ದಣಿದಿದ್ದ ಅಧಿಕಾರಿಗಳು ಒಂಟೆಯನ್ನು ಎತ್ತಿ, ಭಟ್ಟರ ಆನೆ ನಿಂತ ಸಾಲಿನಲ್ಲೇ, ಯಾವ ಬೆಂಬಲವೂ ಇಲ್ಲದ ಮನೆಯಲ್ಲಿ ಇಟ್ಟರು. ಕೈ ಬಿಟ್ಟ ಮರುಕ್ಷಣವೇ ಅವರಿಗೆ ತಿಳಿಯಿತು. ಅವರ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಆ ಒಂಟೆಯನ್ನು ತೆಗೆದುಬಿಟ್ಟರೆ ಎದುರಿಗೆ ಒಂಟಿ ರಾಜ; ಆನೆ ಮತ್ತು ರಾಜ ಸೇರಿ ಅವನನ್ನು ಮೂಲೆಗೆ ಒತ್ತುವುದು ತಾಳ್ಮೆಯ ಕೆಲಸ, ಅಷ್ಟೆ. ಭಟ್ಟರು ಒಂಟೆಯನ್ನು ನೋಡಿದರು. ನಂತರ ಅಧಿಕಾರಿಗಳನ್ನು ನೋಡಿ, ನಿಮ್ಮ ಕೀಟಲೆ ನನಗೆ ಗೊತ್ತು ಎನ್ನುವಂತೆ ಸಣ್ಣಗೆ ನಕ್ಕರು. ಬಾಗಿಲಲ್ಲಿದ್ದವರಲ್ಲೂ ಒಬ್ಬಿಬ್ಬರು ನಕ್ಕರು. ಭಟ್ಟರು ತಮ್ಮ ರಾಜನನ್ನು ಒಂದು ಮನೆ ಮುಂದೆ ಸರಿಸಿದರು.

ಹಾಲಿನಲ್ಲಿ ಕೆಲವರು ಅದನ್ನು ಔದಾರ್ಯವೆಂದುಕೊಂಡರು, ಕೆಲವರು ಉದ್ಧಟತನವೆಂದರು. ಒಂಟೆಗೆ ಬೆಂಬಲವಿಲ್ಲದಿರುವುದನ್ನು ಭಟ್ಟರು ಗಮನಿಸಲಿಲ್ಲವೆಂದು ನಾನು ಭಾವಿಸಿದೆ. ಬರೆಯುವವನು ಮಾತಾಡುವಂತಿರಲಿಲ್ಲ. ಒಂಟೆ ಹಿಂದೆ ಸರಿದು ರಾಜನ ಮಗ್ಗುಲು ಸೇರಿತು. ಕೊನೆಯ ಕಾಯಿ ಇಳಿದಲ್ಲಿಂದ ಐವತ್ತು ನಡೆಗಳನ್ನು ನಾನು ಒಂದೊಂದಾಗಿ ಎಣಿಸಿದೆ. ಭಟ್ಟರು ತಮಗೆ ತಿಳಿದ ಎಲ್ಲ ಉಪಾಯಗಳಿಂದಲೂ ಯತ್ನಿಸಿದರು. ಐವತ್ತನೆಯದು ಮುಗಿದಾಗ ಆಟ ಸಮವೆಂದು ಘೋಷಿಸಿದ್ದೂ ನಾನೇ.

ಅಧಿಕಾರಿಗಳು ಏಳಲಿಲ್ಲ. “ಆಗ ಒಂಟೆ ಯಾಕೆ ತಗೋಳಿಲ್ಲ ಭಟ್ರೇ?” ಎಂದು ಮೆಲ್ಲಗೆ ಕೇಳಿದರು.

“ತೆಗೆದ್ರೆ ಬುರ್ಜಿ ಆಗ್ತದಲ್ಲ ಸ್ವಾಮಿ,” ಎಂದರು ಭಟ್ಟರು. “ಸೋಲುವವ ಕಡೇ ಕಾಯಿಯನ್ನು ತಂದು ಎದುರಿಗೆ ಇಡೂದು ನಮ್ಮೂರಲ್ಲೂ ಉಂಟು. ನಾನು ಅದಕ್ಕೆ ಬೀಳುವವ ಅಲ್ಲ.”

ಎದುರಾಳಿಯ ಎಲ್ಲ ಕಾಯಿಗಳನ್ನೂ ಹೊಡೆದು ರಾಜನನ್ನು ಬರಿದು ಮಾಡಿದರೆ ಆಟ ಅಲ್ಲಿಗೇ ನಿಂತು ಸಮವಾಗುತ್ತದೆ. ಅವರ ಪದ್ಧತಿಯಲ್ಲಿ ಅದರ ಹೆಸರು ಬುರ್ಜಿ. ಗೆಲ್ಲಬೇಕಾದವನು ಎದುರಾಳಿಗೆ ಒಂದು ಕಾಯಿಯನ್ನಾದರೂ ಉಳಿಸಿಯೇ ರಾಜನನ್ನು ಕಟ್ಟಬೇಕು. ಇದು ಬಾಗಿಲಲ್ಲಿ ನಿಂತಿದ್ದ ದೋಸೆಯವನಿಗೂ ಗೊತ್ತಿತ್ತು. ಅಧಿಕಾರಿಗಳು ತಮ್ಮ ಅಜ್ಜನ ಬಾಯಲ್ಲಿ ಆ ಪದ ಕೇಳಿದ್ದರಂತೆ. ಒಂದು ನಿಮಿಷ ಬಿಟ್ಟು ಅವರಿಗೆ ನೆನಪಾಯಿತು. ನನಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಪುಸ್ತಕದಲ್ಲಿ ಅಂಥ ನಿಯಮ ಇರಲಿಲ್ಲ, ಆದ್ದರಿಂದ ಅದು ಇಲ್ಲವೆಂದೂ ಅಲ್ಲಿ ಬರೆದಿರಲಿಲ್ಲ. ‘ಮತ್ತೆಲ್ಲ ನಿಮ್ಮ ಹಾಗೆಯೇ’ ಎಂದು ಹೇಳಿದವನು ನಾನು. ಅಧಿಕಾರಿಗಳು ತಿರುಗಿ ನನ್ನ ಮುಖ ನೋಡಿದರು, ಆಮೇಲೆ ಹೊಸ ನಿಯಮಗಳಲ್ಲಿ ಬುರ್ಜಿ ಇಲ್ಲವೆಂದು ಭಟ್ಟರಿಗೆ ತಿಳಿಸಿದರು. ಭಟ್ಟರು ಹಲಗೆಯ ಮೇಲೆ ಆ ಒಂಟೆ ಇದ್ದ ಮನೆಯನ್ನು ಬೆರಳಿಂದ ಮುಟ್ಟಿ, “ಹೌದಾ” ಎಂದಷ್ಟೇ ಹೇಳಿ ಎದ್ದರು. ಕೆಳಗೆ ನಾಲ್ಕೂ ಮುಕ್ಕಾಲಿನ ಗಿರಾಕಿಗಳು ಕಾಯುತ್ತಿದ್ದರು.

ಆ ವಾರ ನಾನು ಸಮಿತಿಗೆ ಆರು ಪುಟದ ಪತ್ರ ಬರೆದೆ. ಕನ್ನಡದಲ್ಲಿ ನಿಯಮ ಒದಗಿಸದ ಸಮಿತಿಯ ಹೊಣೆಗೇಡಿತನವನ್ನು ಎಳೆ ಎಳೆಯಾಗಿ ಬಿಡಿಸಿ, ಮೂರನೆಯ ಆಟವನ್ನು ಮತ್ತೆ ಆಡಿಸಬೇಕೆಂದು ಒತ್ತಾಯಿಸಿದೆ. ಪತ್ರದ ಪ್ರತಿ ಮಾತೂ ನಿಜವಾಗಿತ್ತು, ನನ್ನ ಪಾತ್ರ ಮಾತ್ರ ಅದರಲ್ಲಿರಲಿಲ್ಲ. ಸಮಿತಿ ನಮ್ಮಿಬ್ಬರನ್ನೂ ಕರೆಯಿತು. ಅಲ್ಲಿ ಭಟ್ಟರಿಗೆ ಕುರ್ಚಿ ಕೊಡಲಿಲ್ಲ. ಅವರು ನಿಂತರು, ಅದಕ್ಕೆ ನಾನೂ ನಿಂತೆ.

“ನಿಮಗ ರೂಲ್ಸ್ ಯಾರರ ಹೇಳಿದ್ರೋ ಇಲ್ಲೋ?” ಎಂದು ಕಾರ್ಯದರ್ಶಿಗಳು ಕೇಳಿದರು.

“ಹೇಳಿದ್ದಾರೆ. ಎಲ್ಲ ಹೇಳಿದ್ದಾರೆ,” ಎಂದರು ಭಟ್ಟರು. “ತಪ್ಪು ನಂದೇ. ನಾನು ಕೇಳಬೇಕಿತ್ತು.”

ಆ ವಾಕ್ಯವನ್ನು ಕಾರ್ಯದರ್ಶಿಗಳು ತಕ್ಷಣ ಬರೆದುಕೊಳ್ಳತೊಡಗಿದರು. ಆಗ ನಾನು ಬಾಯಿ ಬಿಟ್ಟೆ. ಅವರು ಕೇಳಿದ್ದರು, ನಾನು ತಪ್ಪು ಉತ್ತರ ಕೊಟ್ಟಿದ್ದೆ ಎಂದು ಹೇಳಿದೆ. ಎರಡು ಬಾರಿ ಹೇಳಬೇಕಾಯಿತು. ಕಾರ್ಯದರ್ಶಿಗಳು ಲೇಖನಿ ಎತ್ತಿ ನನ್ನನ್ನು ನೋಡಿ, ಅದು ನಿಮ್ಮಿಬ್ಬರ ನಡುವಿನ ಮಾತು, ಸಮಿತಿಗೆ ಸಂಬಂಧಿಸಿದ್ದಲ್ಲ ಎಂದು ಹೇಳಿ, ಬರೆಯುವುದನ್ನು ಮುಂದುವರಿಸಿದರು. ಫಲಿತಾಂಶ ಬದಲಾಗಲಿಲ್ಲ. ಆಟದ ಫಲಿತಾಂಶ ಬದಲಾಗಬಾರದೆಂಬುದನ್ನು ಇಂದು ನಾನೂ ಒಪ್ಪುತ್ತೇನೆ. ಹಲಗೆಯ ಮೇಲೆ ಆದದ್ದು ಆದದ್ದೇ. ಆದರೆ ಕಾರಣವನ್ನು ತಪ್ಪಾಗಿ ಬರೆಯುವ ಹಕ್ಕು ಯಾವ ಸಮಿತಿಗೂ ಇಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮಲಾಡಿನ ಅಧಿಕಾರಿಗಳು ತಮ್ಮ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೋಟೆಲಿಗೆ ಬಂದರು. ಒಂಟೆ ಇಲ್ಲದ ಆ ಸ್ಥಿತಿಯನ್ನು ಜೋಡಿಸಿ, ತಾವು ಒಂಟಿ ರಾಜನ ಕಡೆ ಕುಳಿತು, ಆಡಿ ಎಂದರು. ಭಟ್ಟರು ಬಹಳ ಹೊತ್ತು ಕೈ ಹಾಕಲಿಲ್ಲ. ಮೂವತ್ತೈದು ವರ್ಷ ಆಡಿದವರು ಬರಿಯ ರಾಜನನ್ನು ಒಮ್ಮೆಯೂ ಬೆನ್ನಟ್ಟಿರಲಿಲ್ಲ. ಅಲ್ಲಿಗೆ ಬಂದ ಆಟಗಳೆಲ್ಲ ಅವರ ಪಾಲಿಗೆ ಮುಗಿದೇ ಹೋಗಿದ್ದವು. ಮೊದಲು ಆನೆಯನ್ನು ಸುಮ್ಮನೆ ಅತ್ತಿತ್ತ ಓಡಿಸಿದರು. ಐದಾರು ನಡೆಯಾದ ಮೇಲೆ ಕೈ ನಿಂತಿತು. ರಾಜನೂ ಜೊತೆಗೆ ಹೋಗಬೇಕೆಂಬುದು ಹೊಳೆದಿತ್ತು. ಅಲ್ಲಿಂದ ಅವಸರವಿಲ್ಲದೆ, ಸಾಲು ಸಾಲಾಗಿ ಜಾಗ ಕಿತ್ತುಕೊಳ್ಳುತ್ತ, ಅಂಚಿಗೆ ಒತ್ತಿ ಮುಗಿಸಿದರು. ಅಧಿಕಾರಿಗಳು ನನ್ನ ಕಡೆ ತಿರುಗಿ ಎಷ್ಟಾಯಿತೆಂದು ಕೇಳಿದರು. ಐವತ್ತರ ಅರ್ಧವೂ ಆಗಿರಲಿಲ್ಲ.

ಅಂದೇ ಅವರು ಸದಸ್ಯತ್ವದ ಅರ್ಜಿಯೊಂದನ್ನು ಜೇಬಿನಿಂದ ತೆಗೆದು ಸಹಿ ಹಾಕಿದರು, ಎರಡನೆಯ ಸಹಿ ನನ್ನದು. ಭಟ್ಟರು ಅದನ್ನು ಓದಿ ಹಿಂದಕ್ಕೆ ಕೊಟ್ಟರು. “ಬೇಜಾರು ಮಾಡ್ಬೇಡಿ ಸ್ವಾಮಿ,” ಎಂದರು. “ಅರ್ಜಿ ಕೊಟ್ಟು ಹೋಗೂದಾದ್ರೆ ಇಷ್ಟು ವರ್ಷ ಕಾಯ್ತಿದ್ನಾ? ಬರೂ ವರ್ಷ ಆಡಿಯೇ ಬರ್ತೇನೆ.”

ಆ ವರ್ಷವಿಡೀ ಮಧ್ಯಾಹ್ನಗಳಲ್ಲಿ ಅವರು ಹೊಸ ನಿಯಮಗಳಲ್ಲೇ ಆಡಿದರು. ನಾನು ಹಳೆಯ ನಿಯಮಗಳನ್ನು ಮೊದಲಿಂದ ಕೇಳಿ ಬರೆದುಕೊಂಡೆ. ಎರಡನ್ನೂ ಎದುರುಬದುರಾಗಿಟ್ಟು, ಯಾವುದು ಇದೆ, ಯಾವುದು ಇಲ್ಲ ಎಂದು ಕನ್ನಡದಲ್ಲಿ ಹನ್ನೆರಡು ಪುಟದ ಕೈಪಿಡಿ ಮಾಡಿ ಸಮಿತಿಗೆ ಕೊಟ್ಟೆ. ರಸೀದಿ ಸಿಕ್ಕಿತು.

ಮರುವರ್ಷದ ಸ್ಪರ್ಧೆಯ ಪ್ರಕಟಣೆ ಹಾಲಿನ ಹೊರಗೋಡೆಯ ಮೇಲೆ ಬಂತು. ಅದರಲ್ಲಿ ಒಂದು ಸಾಲು ಹೊಸದು: ಸ್ಪರ್ಧಿಗಳು ಕನಿಷ್ಠ ಎರಡು ವರ್ಷದಿಂದ ಸಂಘದ ಸದಸ್ಯರಾಗಿರಬೇಕು. ಮಲಾಡಿನ ಅಧಿಕಾರಿಗಳು ತಮ್ಮ ಪ್ರಶಸ್ತಿಗಾಗಿ ಆ ಸಲ ಆಡುವುದಿಲ್ಲವೆಂದು ಬರೆದು ಕಳಿಸಿದರು. ನಾನು ನಡಾವಳಿ ಪುಸ್ತಕ ತರಿಸಿ ನೋಡಿದೆ. ಆ ನಿಯಮವನ್ನು ಸೂಚಿಸಿದವರ ಹೆಸರು ಇರಬೇಕಾದ ಜಾಗ ಖಾಲಿಯಿತ್ತು, ಅನುಮೋದಿಸಿದವರದ್ದೂ ಖಾಲಿ. ಸೂಚಿಸಿದವರು ಯಾರೆಂದು ಅಂದಿನಿಂದ ಮೂರು ಬಾರಿ ಬರವಣಿಗೆಯಲ್ಲಿ ಕೇಳಿದ್ದೇನೆ. ಈ ಲೇಖನ ನಾಲ್ಕನೆಯದು. ನನ್ನ ತಪ್ಪಿಗೆ ನಾನು ಮೇಲೆ ಸಹಿ ಹಾಕಿದ್ದೇನೆ, ಅವರೂ ಹಾಕಲಿ.

ಪ್ರಕಟಣೆ ಅಂಟಿಸಿದ ದಿನ ಭಟ್ಟರು ಎಂದಿನಂತೆ ಕಾಫಿಯ ತಟ್ಟೆ ಹಿಡಿದು ಮೇಲೆ ಬಂದಿದ್ದರು. ಬಾಗಿಲ ಬಳಿ ತಟ್ಟೆ ಇಳಿಸಿ, ಗೋಡೆಯ ಎದುರು ನಿಂತು ಪೂರ್ತಿ ಓದಿದರು. ಒಳಗಿನ ಸಭೆ ಮುಗಿಯುವವರೆಗೆ ಅಲ್ಲೇ ಕಾದು, ಖಾಲಿ ಲೋಟಗಳನ್ನು ಒಂದರೊಳಗೊಂದು ಜೋಡಿಸಿಕೊಂಡು ಮೆಟ್ಟಿಲಿಳಿದರು.