ಮಣ್ಣು ಬೇಯಿಸಿದ ಶಿವಲೀಲಾ

ಶಿವಲೀಲಾ ನಮ್ಮ ಮನೆಗೆ ಬಂದರೆ ಮೊದಲು ವಿಚಾರಿಸುತ್ತಿದ್ದುದು ನನ್ನನ್ನಲ್ಲ, ಬಾಗಿಲ ಪಕ್ಕದ ತುಳಸಿಯನ್ನು. ಚಪ್ಪಲಿ ಬಿಡುವ ಮೊದಲೇ ಕುಂಡದ ಮಣ್ಣಿಗೆ ಬೆರಳಿಳಿಸಿ, ತೊಟ್ಟಿಲ ಕೂಸಿನ ಚಡ್ಡಿ ಒದ್ದೆಯಾಗಿದೆಯೇ ಎಂದು ನೋಡುವ ತಾಯಿಯ ಹಾಗೆ ಮುಖ ಮಾಡುತ್ತಿದ್ದಳು. ಆಮೇಲೆ, "ಅಮ್ಮಾರ, ಈಕಿಗೆ ನೆಗಡಿ ಆಗೇತ್ರಿ. ನೀರು ಸಾಕು ಮಾಡ್ರಿ," ಎನ್ನುವಳು.

ಮಕ್ಕಳೇ, ಬಿಟಿಎಂ ಲೇಔಟಿನ ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದವಳು ಇವಳು. ಗದಗಿನ ಕಡೆಯವಳು. ಹಣೆಯಲ್ಲಿ ವಿಭೂತಿ, ಬಾಯ ತುಂಬ ಚೇಷ್ಟೆ. ಏನು ಕೆಲಸ ಎಂದು ಕೇಳಿದಾಗ "ಮಣ್ಣಿನ ಬಾಯಾರಿಕಿ ಅಳತಿ ಮಾಡೋದ್ರಿ" ಎಂದಿದ್ದಳು. ನಾನು ಹಳ್ಳಿ ಶಾಲೆಯಲ್ಲಿ ಓದಿದವಳು. ಮತ್ತೆ ಕೇಳಲು ನಾಚಿಕೆಯಾಗಿ ತಲೆಯಾಡಿಸಿದೆ. ನಿಮ್ಮ ತಾತ ಹೋದ ಮೇಲೆ ಸುಮ್ಮನಾಗಿದ್ದ ಮನೆಯಲ್ಲಿ ಯಾರೋ ನಗುತ್ತಿದ್ದಾರಲ್ಲ, ಅಷ್ಟು ಸಾಕಿತ್ತು.

ಕೆಲಸ ಏನೆಂಬುದು ನಿಧಾನವಾಗಿ ತಿಳಿಯಿತು. ಅವಳ ಊರ ಕಡೆ ಮಳೆ ಕಡಿಮೆ ಬೀಳುವ ದೊಡ್ಡದೊಂದು ಹುಲ್ಲುಗಾವಲಿದೆ, ಜಿಂಕೆಗಳಿಗೆಂದು ಕಾಪಾಡಿಕೊಂಡು ಬಂದ ಜಾಗ. ಅಲ್ಲಿನ ಮಣ್ಣನ್ನು ಡಬ್ಬಿಗಳಲ್ಲಿ ತಂದು, ತೂಗಿ, ಓವನಿನಲ್ಲಿ ಒಣಗಿಸಿ, ಮತ್ತೆ ತೂಗಬೇಕು. ಕಡಿಮೆಯಾದ ತೂಕವೇ ಮಣ್ಣಿನೊಳಗಿದ್ದ ನೀರು. ಒಮ್ಮೆ ಆಫೀಸಿನ ಓವನ್ ಕೆಟ್ಟಿತು. ನಿಮ್ಮಮ್ಮ ಕೇಕ್ ಮಾಡಲು ತಂದಿಟ್ಟಿದ್ದ ಓವನಿನ ಮೇಲೆ ಅವಳ ಕಣ್ಣು ಬಿತ್ತು.

ಮನೆಯೆಲ್ಲ ಮೊದಲ ಮಳೆಯ ವಾಸನೆ. ಪಕ್ಕದ ಮನೆಯ ಸರೋಜಮ್ಮ ಮೂಗರಳಿಸುತ್ತ ಅಡುಗೆಮನೆಗೇ ಬಂದರು.

"ಏನ್ರೀ, ಘಮ್ ಅಂತಿದೆ? ಏನ್ ಮಾಡ್ತಿದೀರಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಶಿವಲೀಲಾ ಹೇಳಿಯೇಬಿಟ್ಟಳು: "ಮಣ್ಣಿನ ಹೋಳಿಗಿರಿ ಆಂಟಿ. ಇನ್ನ ಬೆಂದಿಲ್ಲ. ನಿಮಗ ತುಪ್ಪ ಹಾಕಿ ಕೊಡ್ಲೋ, ಹಾಲು ಹಾಕಿ ಕೊಡ್ಲೋ?"

ಸರೋಜಮ್ಮ ಓವನಿನ ಗಾಜಿನೊಳಗೆ ಇಣುಕಿದರು. ಸಾಲಾಗಿ ಮಣ್ಣಿನ ಡಬ್ಬಿಗಳು. "ಅಯ್ಯೋ ರಾಮ! ಮಾಟ ಗೀಟ ಏನಾದ್ರೂ..."

"ಮಾಟ ಬ್ಯಾರೆ ಡಬ್ಬಿಯಾಗ ಐತ್ರಿ. ಅದು ನಾಳಿಗೆ."

ಆಮೇಲೆ ಬಹಳ ದಿನ ಸರೋಜಮ್ಮ ನಮ್ಮ ಮನೆಯ ಕಾಫಿ ಮುಟ್ಟಲಿಲ್ಲ.

ಇಂಥವಳು ಒಂದು ಸಂಜೆ ಮಂಕಾಗಿ ಬಂದು ಕೂತಳು. ಯಾವುದೋ ಕಂಪನಿಯವರು ಆ ಹುಲ್ಲುಗಾವಲಿನ ತುಂಬ ಮರ ಬೆಳೆಸಿ, ಪೈಪಿನಲ್ಲಿ ನೀರು ಕೊಟ್ಟು ಹಸಿರು ಮಾಡುತ್ತಾರಂತೆ.

"ಬರೇ ಒಣಾ ನೆಲ ಅಂತಾರ್ರಿ ಅಮ್ಮಾರ. ಆ ನೆಲದ ಆರೋಗ್ಯಕ್ಕ ಬೀಳೋ ಅಷ್ಟ ಮಳಿ ಸಾಕ್ರಿ. ಮರದ ನೆರಳು ಬಿದ್ರ ಹುಲ್ಲು ಹೋಗತೈತಿ. ಹುಲ್ಲು ಹೋದ್ರ ಚಿಗರಿ ಎಲ್ಲಿಗೆ ಹೋಗ್ಬೇಕ್ರಿ?" ಚಿಗರಿ ಎಂದರೆ ಅವರ ಕಡೆ ಜಿಂಕೆ.

ಮರುವಾರ ಆ ಹುಲ್ಲಿನ ಎರಡು ಕುಂಡ ತಂದು ತಾರಸಿಯಲ್ಲಿಟ್ಟಳು. "ಒಂದು ನಿಮ್ದು, ಒಂದು ನಂದು. ನಿಮ್ಮದಕ್ಕ ಮನಸ್ಸಿಗೆ ಬಂದಷ್ಟು ನೀರು ಹಾಕ್ರಿ." ತನ್ನ ಕುಂಡಕ್ಕೆ ತೇವ ಅಳೆಯುವ ಮೀಟರಿನ ಕಡ್ಡಿ ಚುಚ್ಚಿ, ಹುಲ್ಲುಗಾವಲಿನಷ್ಟೇ ತೇವ ಉಳಿಯುವಂತೆ ಚಮಚದಲ್ಲಿ ನೀರು ಕೊಡುತ್ತಿದ್ದಳು. ನನಗೆ ಸಂಕಟ. ಒಂದು ಮಧ್ಯಾಹ್ನ ಅವಳಿಲ್ಲದಾಗ ಅದಕ್ಕೂ ಒಂದು ಲೋಟ ಸುರಿದೆ. ಸಂಜೆ ಕಡ್ಡಿ ಚುಚ್ಚಿದವಳೇ ಕೂಗಿದಳು: "ಅಮ್ಮಾರ, ನನ್ನ ಕುಂಡಕ್ಕಷ್ಟ ಮಳಿ ಬಂದಿತ್ತೇನ್ರಿ?" ನಾನು ತಲೆಯೆತ್ತದೆ ಸೊಪ್ಪು ಬಿಡಿಸಿದೆ.

ಮರ ನೆಡುವ ವಿಷಯ ಮಾತಾಡಲು ಕಂಪನಿಯವರು ಅವಳನ್ನು ಮೀಟಿಂಗಿಗೆ ಕರೆದದ್ದು ಜೆಪಿ ನಗರದ ಒಂದು ಆಫೀಸಿಗೆ. "ಕುಂಡ ಹಿಡ್ಕೊಳ್ಳಾಕ ಬರ್ರಿ" ಎಂದು ಆಟೋ ಹತ್ತಿಸಿದಳು. ಬಾಗಿಲಲ್ಲೇ ನಿಲ್ಲುತ್ತೇನೆಂದರೂ ಬಿಡದೆ ಮೇಜಿನ ಮುಂದೆ ಕೂರಿಸಿದಳು. ಅವಳ ಲೆಕ್ಕಗಳನ್ನೆಲ್ಲ ಕೇಳಿ ದೊಡ್ಡ ಸಾಹೇಬರು, "ಎಲ್ಲಾ ಸರಿ ಮೇಡಂ, ಆದ್ರೂ ಇಷ್ಟು ಡ್ರೈ ಇದ್ರೆ ನೋಡೋಕೇ ಪಾಪ ಅನ್ಸುತ್ತಲ್ಲ?" ಎಂದರು.

ಶಿವಲೀಲಾ ಎರಡು ಕುಂಡಗಳನ್ನೂ ಮೇಜಿನ ಮೇಲಿಟ್ಟಳು. ಅವಳ ಹುಲ್ಲು ಕಡ್ಡಿಯಂತೆ ನೆಟ್ಟಗಿತ್ತು. ನನ್ನದು ಕೊಳೆತು ಒರಗಿತ್ತು.

"ಸರ್, ಇವರು ನಮ್ಮ ಓನರ್ ಅಮ್ಮಾರು. ಭಾಳ ಕರುಣಿ ಇರೋ ಮನುಷ್ಯಾರು. ಇದು ಅವರ ಕರುಣಿ."

ನೆಲ ಬಾಯಿಬಿಡಬಾರದೇ ಎನಿಸಿತು. ಸಾಹೇಬರು ನನ್ನನ್ನೇ ಕೇಳಿದರು: "ಅಲ್ಲಮ್ಮ, ಹುಲ್ಲು ಹಳದಿ ಆದ್ಮೇಲಾದ್ರೂ ನೀರು ನಿಲ್ಲಿಸ್ಬಾರದಾ?"

"ಹಳದಿ ಆಯ್ತಲ್ಲ ಸಾರ್, ಪಾಪ, ಬಾಯಾರಿರ್ಬೇಕು ಅಂತ ಇನ್ನೊಂದು ಚೆಂಬು ಹಾಕ್ದೆ."

ಎಲ್ಲರೂ ನಕ್ಕರು. ಮೊದಲು ನಗು ನಿಲ್ಲಿಸಿದವರು ಸಾಹೇಬರೇ. ನನ್ನ ಕುಂಡದ ಕೊಳೆತ ಹುಲ್ಲನ್ನು ಬೆರಳಲ್ಲಿ ಮುಟ್ಟಿ ನೋಡಿ, ಮರಗಳ ಚಿತ್ರವಿದ್ದ ನಕ್ಷೆಯನ್ನು ಮಡಚಿಟ್ಟರು. ಮರ ಬೇಡ, ಎಲ್ಲ ಕಾಲದಲ್ಲೂ ಹುಲ್ಲುಗಾವಲಿನ ಹತ್ತಿರವೇ ಇದ್ದು ಮಣ್ಣಿನ ತೇವ ಅಳೆಯುವವರಿಗೆ ಸಂಬಳ ಕೊಡುತ್ತೇವೆ ಎಂದರು.

ಅಲ್ಲೇ ಇರುವವಳು ಯಾರು? ಅವಳೇ. ಆಟೋದಲ್ಲಿ ವಾಪಸು ಬರುವಾಗ ನನಗದು ಹೊಳೆಯಿತು. ಅವಳಿಗೂ ಹೊಳೆದಿರಬೇಕು, ದಾರಿಯುದ್ದಕ್ಕೂ ಒಂದು ಚೇಷ್ಟೆಯನ್ನೂ ಮಾಡಲಿಲ್ಲ.

ಕೋಣೆ ಖಾಲಿ ಮಾಡಿ ಅಲ್ಲಿಗೆ ಹೋದ ಮೇಲೆ ಒಮ್ಮೆ ವಿಡಿಯೋ ಕಾಲ್ ಮಾಡಿದ್ದಳು. ಪರದೆಯ ತುಂಬ ಕಂದು ಬಣ್ಣದ ಬಯಲು.

"ಮುಖ ತೋರಿಸೇ," ಎಂದೆ.

"ನನ್ನ ಮುಖದಾಗ ಏನೈತ್ರಿ, ಅಲ್ಲಿ ನೋಡ್ರಿ."

"ಏನಿದೆ ಅಲ್ಲಿ? ಬರೀ ಮಣ್ಣು."

"ತಡೀರಿ." ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದಳು.

ನಾನು ಮಣ್ಣೆಂದುಕೊಂಡಿದ್ದು ಎದ್ದು ನಿಂತಿತು. ಕಿವಿ ನಿಮಿರಿಸಿತು. ಆಮೇಲೆ ಹಿಂಡು ಹಿಂಡಾಗಿ ನೆಗೆಯುತ್ತ ಓಡಿತು. ಅವಳ ನಗು ಕೇಳುತ್ತಲೇ ಇತ್ತು, ಮುಖ ಮಾತ್ರ ಕೊನೆಗೂ ತೋರಿಸಲಿಲ್ಲ.